ನಕ್ಕು ಬಂದ ಮೇಲೆ ಮಾತು ಉಳಿಯುವುದಿಲ್ಲ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ, ದೊಡ್ಡವರಾದ ಮೇಲೆ ಆಟಿಸಂ ಪತ್ತೆಯಾದ ಮಹಿಳೆಯೊಬ್ಬರ ಕಥೆ ಇದು. ಇತರರೊಂದಿಗೆ ಬೆರೆಯುವ, ಸದ್ದು-ಬೆಳಕನ್ನು ಗ್ರಹಿಸುವ ರೀತಿಯೇ ಎಳವೆಯಿಂದ ಬೇರೆಯಾಗಿರುವುದು ಆಟಿಸಂ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಆಫೀಸಲ್ಲಿ ಎಲ್ಲರ ಜೊತೆ ನಗ್ತಾಳೆ. ಮನೆಗೆ ಬಂದ್ರೆ ಕತ್ತಲೆ ಕೋಣೆ ಸೇರ್ತಾಳೆ. ನನ್ನ ಮೇಲೆ ಏನು ಸಿಟ್ಟೋ ಗೊತ್ತಾಗ್ತಿಲ್ಲ" ಎಂದರು ಗಂಡ. 36ರ ಆಕೆ ನೆಲ ನೋಡುತ್ತಲೇ ಹೇಳಿದರು: "ಅಲ್ಲಿ ನಕ್ಕು ಬಂದ ಮೇಲೆ ಮಾತು ಉಳಿಯೋದಿಲ್ಲ."

ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ನಡೆದಿತ್ತು. ಮೊದಲ ಭೇಟಿಯಲ್ಲಿ ನಾನು "ಹೇಗನ್ನಿಸುತ್ತಿದೆ?" ಎಂದು ಮತ್ತೆ ಮತ್ತೆ ಕೇಳಿದೆ. ಉತ್ತರವಿಲ್ಲ. ಮನಸ್ಸು ಬಿಚ್ಚಲು ಒಪ್ಪುತ್ತಿಲ್ಲ ಎಂದು ಬರೆದುಕೊಂಡೆ; ಅದು ನನ್ನ ತಪ್ಪು. ತನ್ನ ಭಾವನೆಗೆ ಹೆಸರು ಹುಡುಕುವುದೇ ಆಟಿಸಂ ಇರುವ ಅನೇಕರಿಗೆ ಕಷ್ಟ. ಇದನ್ನು ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಎರಡನೇ ಸಲ "ನಿನ್ನೆ ಬೆಳಗ್ಗೆಯಿಂದ ಏನೇನಾಯಿತು, ಒಂದೊಂದಾಗಿ ಹೇಳಿ" ಎಂದೆ. ಮುಕ್ಕಾಲು ಗಂಟೆ ಮಾತಾಡಿದರು.

ಆಗ ತಿಳಿದದ್ದಿದು: ಎದುರಿನವರ ಕಣ್ಣನ್ನು ಎಷ್ಟು ಹೊತ್ತು ನೋಡಬೇಕೆಂದು ಆಕೆ ಮನಸ್ಸಿನಲ್ಲೇ ಎಣಿಸುತ್ತಾರೆ. ನಾಳೆಯ ಮಾತುಕತೆಗೆ ಇಂದು ರಾತ್ರಿಯೇ ತಾಲೀಮು. ಟ್ಯೂಬ್‌ಲೈಟಿನ ಗುಂಯ್ ಸದ್ದು ಮನುಷ್ಯರ ಮಾತಿನಷ್ಟೇ ಜೋರು. "ಆದಷ್ಟು ಬೇಗ" ಅಂದರೆ ಎಷ್ಟು ಬೇಗ ಎಂದು ತಿಳಿಯದೆ ಕೈಯಲ್ಲಿದ್ದದ್ದೆಲ್ಲ ಬಿಟ್ಟು ಅದನ್ನೇ ಹಿಡಿಯುತ್ತಾರೆ. ಹಸಿವಾಗಿದೆ ಎಂದು ಗೊತ್ತಾಗುವುದು ಕೈ ನಡುಗಿದಾಗ.

ಆಟಿಸಂ ಹೌದೋ ಅಲ್ಲವೋ ಹೇಳುವುದು ನನ್ನ ಕೆಲಸವಲ್ಲ. ವಯಸ್ಕರನ್ನು ಪರೀಕ್ಷಿಸಿ ಅನುಭವವಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿದೆ. ತಾಯಿಯಿಂದ ಬಾಲ್ಯದ ವಿವರ ಪಡೆದು ಅವರು ಹೌದೆಂದರು. "ಈ ವಯಸ್ಸಲ್ಲಿ ಹೇಗೆ ಬಂತು?" ಎಂದರು ಗಂಡ. ಬಂದದ್ದಲ್ಲ, ಇದ್ದದ್ದು. ಲಕ್ಷಣಗಳು ಎಳವೆಯಿಂದಲೇ ಇರುತ್ತವೆ, ಆದರೆ ಮುಂದೆ ಕಲಿತ ಉಪಾಯಗಳು ಅವನ್ನು ಮರೆಮಾಡಬಹುದು ಎಂದು ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲೇ ಇದೆ.

"ಇನ್ನೂ ಚೆನ್ನಾಗಿ ಬೆರೆಯೋದು ಕಲಿಸಿ" ಎಂಬುದು ಗಂಡನ ಕೋರಿಕೆ. ನಾನು ಒಪ್ಪಲಿಲ್ಲ. ಆಕೆ ಸೋತಿರುವುದೇ ಬೆರೆತು ಬೆರೆತು. ಆಟಿಸಂ ಇರುವವರಿಗೆ ಇತರರು ಅರ್ಥವಾಗದಷ್ಟೇ ಇತರರಿಗೆ ಅವರೂ ಅರ್ಥವಾಗುವುದಿಲ್ಲ ಎಂದು ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಮಿಲ್ಟನ್ ಕೂಡ ಆಟಿಸಂ ಇರುವವರೇ. ಹಾಗಾಗಿ ಹೆಚ್ಚಿನ ಮನೆಪಾಠ ಗಂಡನಿಗೇ ಕೊಟ್ಟೆ. ಆಕೆ ಬಂದ ಮೇಲೆ 40 ನಿಮಿಷ ಏನೂ ಕೇಳಬೇಡಿ. ಆಮೇಲೂ "ಏನಾಯ್ತು?" ಅನ್ನಬೇಡಿ, "ನೀರು ಬೇಕಾ? ದೀಪ ಆರಿಸಲಾ?" ಎಂದು ಹೌದು-ಇಲ್ಲದಲ್ಲಿ ಮುಗಿಯುವಂತೆ ಕೇಳಿ. ಆಕೆ ಬೆರಳು ತಿರುವುತ್ತ, ಮೈ ತೂಗುತ್ತ ಕೂತರೆ ತಡೆಯಬೇಡಿ, ಅದು ದಣಿವು ಇಳಿಸಿಕೊಳ್ಳುವ ರೀತಿ.

ಆಕೆಗೆ ಹೇಳಿದ್ದು ಕಡಿಮೆ. ಊಟಕ್ಕೆ ಅಲಾರಂ, ಶಬ್ದ ತಡೆಯುವ ಹೆಡ್‌ಫೋನ್. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು, ಮನೋವೈದ್ಯರನ್ನೇ ಕೇಳಬೇಕು.

ಆಫೀಸಿನಲ್ಲಿ ಆಟಿಸಂ ಎಂದು ಹೇಳುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನಾನು ಒತ್ತಾಯಿಸಿಲ್ಲ, ಅವರ ಭಯಕ್ಕೆ ಕಾರಣಗಳಿವೆ. ಆದರೆ ಅದನ್ನು ಹೇಳದೆಯೂ "ಕೆಲಸವನ್ನು ಬರೆದು ಕೊಡಿ, ಗಡುವಿನ ದಿನ, ವೇಳೆ ಹಾಕಿ" ಎಂದು ಕೇಳಬಹುದು. ಮುಂದಿನ ಭೇಟಿಗೆ ಆ ಇಮೇಲಿನ ಕರಡು ತರುತ್ತಾರೆ.