ಓದುಗರ ಪ್ರಶ್ನೆ: ಹದಿನಾಲ್ಕರ ಮಗನ ಕೈಗೆ ಯಾವ ಪುಸ್ತಕ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಇಪ್ಪತ್ತು ವರ್ಷಗಳಿಂದ ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ. ಚಿಕ್ಕವನಿದ್ದಾಗ ಕಥೆ ಪುಸ್ತಕಕ್ಕಾಗಿ ಹಟ ಹಿಡಿಯುತ್ತಿದ್ದವನು ಈಗ ಪಠ್ಯದ ಹೊರಗೆ ಒಂದು ಪುಟವನ್ನೂ ತೆರೆಯುವುದಿಲ್ಲ. ತುಳು, ಕನ್ನಡ ಎರಡನ್ನೂ ಚೆನ್ನಾಗಿ ಮಾತಾಡುತ್ತಾನೆ, ಆದರೆ ಕನ್ನಡ ಅಕ್ಷರ ಬಾರದು. ಕಳೆದ ಬೇಸಿಗೆಯಲ್ಲಿ ಊರಿನಿಂದ ತಂದ ಎಂಟು ಕನ್ನಡ ಕಾದಂಬರಿಗಳು ಕಪಾಟಿನಲ್ಲಿ ಇಟ್ಟಲ್ಲೇ ಇವೆ. ಮೊಬೈಲ್ ಕಸಿದುಕೊಂಡರೆ ತಾನಾಗಿ ಓದುತ್ತಾನೆ ಎಂದು ಇವನ ತಂದೆಯ ಅಭಿಪ್ರಾಯ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗ ಓದುವುದಿಲ್ಲ ಎಂಬುದು ಒಂದು, ಕನ್ನಡ ಓದುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಂದೇ ಪುಸ್ತಕದಿಂದ ನೀಗಿಸಹೊರಟದ್ದರಿಂದಲೇ ಆ ಎಂಟು ಕಾದಂಬರಿಗಳು ಕಪಾಟಿನಲ್ಲಿ ಉಳಿದಿವೆ ಎಂದು ನನಗೆ ತೋರುತ್ತದೆ. ಅಕ್ಷರವನ್ನೇ ಅರಿಯದ ಹುಡುಗನಿಗೆ ದಪ್ಪ ಕಾದಂಬರಿ ಕಥೆಯಾಗಿ ಕಾಣುವುದಿಲ್ಲ. ಶಾಲೆಯವರು ಇಡದೆ ಬಿಟ್ಟ ಇನ್ನೊಂದು ಪರೀಕ್ಷೆಯಾಗಿ ಕಾಣುತ್ತದೆ.

ಓದಿನ ರುಚಿ ಮರಳಬೇಕಾದರೆ ಅವನಿಗೆ ಸಲೀಸಾದ ಭಾಷೆಯಲ್ಲೇ, ಅಂದರೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ, ಮರಳಲಿ. ಮೊಬೈಲಿನಲ್ಲಿ ಅವನು ಏನನ್ನು ನೋಡುತ್ತಾನೆಂಬುದನ್ನು ಜಗಳವಾಡದೆ ಗಮನಿಸಿ. ಫುಟ್‌ಬಾಲ್ ಆದರೆ ಆಟಗಾರರ ಆತ್ಮಕಥೆ, ದೆವ್ವದ ವಿಡಿಯೊ ಆದರೆ ದೆವ್ವದ ಕಥೆ, ಚಿತ್ರಕಥೆಯಾದರೂ ಸರಿಯೇ. ಪುಸ್ತಕವನ್ನು ನೀವು ಆರಿಸಿ ತರುವುದಕ್ಕಿಂತ ಅವನನ್ನೇ ಕರೆದೊಯ್ಯುವುದು ಲೇಸು. ದಾದರಿನಲ್ಲಿ 1898ರಲ್ಲಿ ಸ್ಥಾಪನೆಯಾದ ಮುಂಬೈ ಮರಾಠಿ ಗ್ರಂಥಸಂಗ್ರಹಾಲಯವಿದೆ, ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿ ಹಳೆಯ ಪುಸ್ತಕ ಮಾರುವವರಿದ್ದಾರೆ. ಇನ್ನೂರು ರೂಪಾಯಿ ಕೈಗಿತ್ತು ನೀವು ಸ್ವಲ್ಪ ದೂರ ನಿಂತುಕೊಳ್ಳಿ. ನಡುವಿನ ಒಂದು ಪುಟ ತೆರೆದು ಓದುವಾಗ ಅರ್ಥವಾಗದ ಪದಗಳು ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡವೆಂಬುದನ್ನು ಮಾತ್ರ ಹೇಳಿಕೊಡಿ. ಅವನು ಆರಿಸಿದ್ದು ಕಳಪೆಯೆನಿಸಿದರೂ ಮುಖ ಸಿಂಡರಿಸಬೇಡಿ.

ಮೊಬೈಲ್ ಕಸಿದುಕೊಳ್ಳುವ ಉಪಾಯವನ್ನು ನಾನು ಒಪ್ಪಲಾರೆ, ಏಕೆಂದರೆ ಆಗ ಪುಸ್ತಕವು ಮೊಬೈಲ್ ಕಳೆದುಕೊಂಡವನಿಗೆ ಸಿಗುವ ಶಿಕ್ಷೆಯಾಗುತ್ತದೆ. ರಾತ್ರಿ ಊಟದ ನಂತರ ಅರ್ಧ ಗಂಟೆ ಮನೆಯ ಎಲ್ಲ ಮೊಬೈಲ್‌ಗಳೂ, ತಂದೆಯವರದೂ ಸೇರಿ, ಒಂದೇ ಕಡೆ ಇರಲಿ.

ಇನ್ನು ಕನ್ನಡ. ಇಲ್ಲಿ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಮರಾಠಿ, ಹಿಂದಿ ಕಲಿತ ನಿಮ್ಮ ಮಗ ದೇವನಾಗರಿಯನ್ನು ಬಲ್ಲ. ಅದೂ ಕನ್ನಡ ಲಿಪಿಯೂ ಬ್ರಾಹ್ಮಿಯಿಂದಲೇ ಕವಲೊಡೆದವು, ವರ್ಗಾಕ್ಷರಗಳ ಕ್ರಮ ಎರಡರಲ್ಲೂ ಒಂದೇ, ಹಿಂದಿಯಲ್ಲಿಲ್ಲದ ಳಕಾರವೂ ಮರಾಠಿಯ ಕೃಪೆಯಿಂದ ಅವನಿಗೆ ಪರಿಚಿತವೇ. ಅವನು ಎಡವುವುದು ಮುಖ್ಯವಾಗಿ ಮೂರು ಕಡೆ. ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದವನ್ನು ಮರಾಠಿ ಬರಹ ತೋರಿಸುವುದಿಲ್ಲ. ಒತ್ತಕ್ಷರ ಅಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಅಂಟಿಕೊಂಡರೆ ಇಲ್ಲಿ ಕೆಳಗಿಳಿಯುತ್ತದೆ. ‘ಕರ್ಮ’ದ ರೇಫ, ಅಂದರೆ ರಕಾರ, ಅಲ್ಲಿ ಅಕ್ಷರದ ತಲೆಯೇರಿದರೆ ಇಲ್ಲಿ ಅರ್ಕಾವತ್ತಾಗಿ ಬಲಕ್ಕೆ ನಿಲ್ಲುತ್ತದೆ. ಮೊದಲನೆಯ ತೊಡಕಿಗೆ ಅವನ ಕಿವಿಯೇ ಮದ್ದು. ‘ಕೊಡು’ ಬೇರೆ, ‘ಕೋಡು’ ಬೇರೆ ಎಂಬುದನ್ನು ಮನೆಮಾತಿನಿಂದಲೇ ಬಲ್ಲವನಿಗೆ ಆ ಗುರುತನ್ನು ಕಣ್ಣಿಗೆ ತೋರಿಸಿದರೆ ಸಾಕು. ದಿನಕ್ಕೆ ಹದಿನೈದು ನಿಮಿಷ, ಊರಿನಿಂದ ಬಂದ ಮದುವೆಯ ಕಾಗದ, ಯಕ್ಷಗಾನದ ಕರಪತ್ರ, ಉಪ್ಪಿನಕಾಯಿ ಪೊಟ್ಟಣದ ಮೇಲಿನ ಹೆಸರು, ಇವೇ ಪಾಠವಾಗಲಿ. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ಮುಂಬೈ ಕನ್ನಡಿಗರ ಎಷ್ಟೋ ಮನೆಗಳಲ್ಲಿದ್ದರು. ಅವರಿಗಿದ್ದ ದಣಿವು ನಿಮ್ಮ ಮಗನಿಗಿಲ್ಲ.

ಅಕ್ಷರ ಕೂಡಿಬಂದ ಮೇಲೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಿಂದ ಆರಂಭಿಸಿ. 1980ರ ಈ ಕಾದಂಬರಿಯಲ್ಲಿ ಮಲೆನಾಡಿನ ಕಾಡಿಗೆ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಯ ಜೊತೆಗೆ ಜೇನು ಹಿಡಿಯುವ ಮಂದಣ್ಣನೂ ಇದ್ದಾನೆ. ಪುಸ್ತಕ ತೆಳ್ಳಗಿದೆ, ನಗಿಸುತ್ತದೆ. ಮೊದಲ ಅಧ್ಯಾಯಗಳನ್ನು ನೀವೇ ಗಟ್ಟಿಯಾಗಿ ಓದಿ, ಅವನು ಪಕ್ಕದಲ್ಲಿ ಕುಳಿತು ಸಾಲುಗಳ ಮೇಲೆ ಕಣ್ಣಾಡಿಸಲಿ; ಕುತೂಹಲ ಕೆರಳಿದ ಕಡೆ ನಿಮಗೆ ಅಡುಗೆಮನೆಯಲ್ಲಿ ಕೆಲಸ ನೆನಪಾಗಲಿ. ನಂತರ ಅವರದೇ ‘ಜುಗಾರಿ ಕ್ರಾಸ್’ ಅವನನ್ನು ತಾನಾಗಿ ಎಳೆದೊಯ್ಯುತ್ತದೆ. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ಬೇಕಿದ್ದರೆ ಮೊದಲು ಇಂಗ್ಲಿಷಿನಲ್ಲಿ ಓದಲಿ. ತೇಜಸ್ವಿನಿ ನಿರಂಜನ ಅವರ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿಯನ್ನು 2018ರ ಸಾಲಿಗೆ ಪಡೆದಿದೆ. ತಾನು ದಿನವೂ ಕಾಣುವ ಲೋಕಲ್ ಟ್ರೇನು, ಚಾಳುಗಳು ಕನ್ನಡದಲ್ಲಿ ಕಥೆಯಾಗಿವೆ ಎಂಬುದು ಈ ಊರಿನ ಹುಡುಗನಿಗೆ ಸಣ್ಣ ಸಂಗತಿಯಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯೂ ಮುಂಬೈಯದೇ, ಆದರೆ ಕಂಪನಿಯ ಒಳಸಂಚಿಗೆ ಸಿಕ್ಕಿದ ನಾಗಪ್ಪನ ತಳಮಳ ಹದಿನಾಲ್ಕರ ವಯಸ್ಸಿಗೆ ದೂರ. ಅದನ್ನು ಮಗನಿಗಿಂತ ಮೊದಲು ಅವನ ತಂದೆ ಟ್ರೇನಿನಲ್ಲಿ ಓದಲಿ.

ಪ್ರಶ್ನೆ: ನನಗೆ ಹದಿನಾರು ವರ್ಷ. ಕನ್ನಡ ಓದುತ್ತೇನೆ, ಆದರೆ ಅನೇಕ ಪುಸ್ತಕಗಳನ್ನು ಅರ್ಧಕ್ಕೇ ಬಿಡುತ್ತೇನೆ. ಹಾಗೆ ಬಿಡುವುದು ಸರಸ್ವತಿಗೆ ಅವಮಾನ ಎಂದು ಅಪ್ಪ ಬೈಯುತ್ತಾರೆ. ಗೋವಾ ಇರುವ ಕನ್ನಡ ಕಾದಂಬರಿ ಇದೆಯೇ?
– ಒಬ್ಬ ಹುಡುಗಿ, ವಾಸ್ಕೊ, ಗೋವಾ

ಉತ್ತರ: ಕಾಲು ತಗುಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನೂ, ಆದರೂ ಅರ್ಧಕ್ಕೆ ಬಿಟ್ಟ ಪುಸ್ತಕಗಳು ನನ್ನಲ್ಲಿ ಬೇಕಾದಷ್ಟಿವೆ. ಐವತ್ತು ಪುಟದವರೆಗೆ ಅವಕಾಶ ಕೊಡು, ಹಿಡಿಸದಿದ್ದರೆ ಪುಟದ ಗುರುತಿಟ್ಟು ಕಪಾಟಿಗೆ ಸೇರಿಸು. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದ ಕಾದಂಬರಿ. ಐದು ಶತಮಾನಗಳ ಹಿಂದಿನ ಲಿಸ್ಬನ್, ಗೋವಾ, ವಿಜಯನಗರ ಮೂರೂ ಅದರಲ್ಲಿವೆ. ಕೆಲವು ಪ್ರಸಂಗಗಳು ಕ್ರೂರವಾಗಿರುವುದರಿಂದ ಮೊದಲೇ ಅಪ್ಪನಿಗೆ ಹೇಳಿ ಓದು. ಮುಂದಿನ ಪತ್ರದಲ್ಲಿ ನೀನು ಬಿಟ್ಟ ಪುಸ್ತಕಗಳ ಹೆಸರನ್ನೂ ಯಾವ ಪುಟದಲ್ಲಿ ಬಿಟ್ಟೆ ಎಂಬುದನ್ನೂ ಬರೆ. ಅದನ್ನು ತಿಳಿದರೆ ನಿನಗೆ ಒಗ್ಗುವ ಪುಸ್ತಕವನ್ನು ಹೇಳುವುದು ನನಗೆ ಸುಲಭವಾಗುತ್ತದೆ.