ಗರಡಿಯಿಲ್ಲದೆ ಕಣಕ್ಕಿಳಿಸುವ ಶೂಟಿಂಗ್ ಆಟಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ನಾವು ಐವರು ಸೇರಿ ವ್ಯಾಲರಂಟ್ ಮತ್ತು ಕೌಂಟರ್-ಸ್ಟ್ರೈಕ್ ಎಂಬ, ಐವರೈವರ ಎರಡು ತಂಡಗಳು ಸೆಣಸುವ ಕಂಪ್ಯೂಟರ್ ಆಟಗಳನ್ನು ಆಡುತ್ತೇವೆ. ಸ್ಪರ್ಧಾತ್ಮಕ ಶೂಟಿಂಗ್ ಆಟಗಳಲ್ಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ಟ್ರೈನಿಂಗ್ ಮೋಡ್ ಇರಬೇಕು ಎಂಬುದು ನನ್ನ ವಾದ. ಗೆಳೆಯರು ಮಾತ್ರ, ‘ಪಂದ್ಯ ಆಡುತ್ತಲೇ ಕಲಿಯಬೇಕು, ನಿಂತ ಬೊಂಬೆಗೆ ಗುಂಡು ಹೊಡೆದರೆ ಏನೂ ಬರುವುದಿಲ್ಲ, ಆ ಖರ್ಚಿನಲ್ಲಿ ಕಂಪನಿಗಳು ಹೊಸ ಮ್ಯಾಪ್ (ಆಟ ನಡೆಯುವ ಅಂಗಳ) ಕೊಡಲಿ’ ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಒಪ್ಪಿಕೊಳ್ಳದೆ ಹೋದರೆ ನಾವು ಕೇಳುವ ಟ್ರೈನಿಂಗ್ ಮೋಡ್ ಕೂಡ ಅರೆಬರೆಯದೇ ಆಗುತ್ತದೆ.

ಮೊದಲು ಲೆಕ್ಕ ನೋಡೋಣ. ವ್ಯಾಲರಂಟ್ ಆಗಲಿ, ಕೌಂಟರ್-ಸ್ಟ್ರೈಕ್ 2 ಆಗಲಿ, ಮೊದಲು 13 ಸುತ್ತು ಗೆದ್ದವರಿಗೆ ಪಂದ್ಯ. ಸಮಬಲವಾಗಿ ಹೆಚ್ಚುವರಿ ಸುತ್ತುಗಳಿಗೆ ಹೋಗದಿದ್ದರೆ ಒಟ್ಟು ಹೆಚ್ಚೆಂದರೆ 24 ಸುತ್ತು, ಅದರಲ್ಲಿ ನಿಮ್ಮ ಪಾಲಿಗೆ ದಾಳಿಯ ಸುತ್ತುಗಳು ಸುಮಾರು 12. ಕೌಂಟರ್-ಸ್ಟ್ರೈಕಿನ ಮಿರಾಜ್ ಮ್ಯಾಪಿನಲ್ಲಿ, ಬಾಂಬ್ ಇಡುವ ಎರಡು ಜಾಗಗಳಲ್ಲಿ ಒಂದಾದ ಎ ಸೈಟಿಗೆ ನುಗ್ಗುವ ಮುನ್ನ ಎದುರಾಳಿಯ ನೋಟವನ್ನು ಮುಚ್ಚಲು ಒಂದು ಸ್ಮೋಕ್ (ಹೊಗೆ ಗ್ರೆನೇಡ್) ಎಸೆಯುವುದನ್ನು ನೀವು ಕಲಿಯಬೇಕಾಗಿದೆ ಎಂದುಕೊಳ್ಳಿ. ಆ 12 ಸುತ್ತುಗಳಲ್ಲಿ ತಂಡ ಎ ಕಡೆಗೆ ಹೋಗುವುದು ಕೆಲವೇ ಸಲ. ಆ ಕೆಲವು ಸಲಗಳಲ್ಲಿ ಸ್ಮೋಕ್ ಕೊಳ್ಳಲು ಕೈಯಲ್ಲಿ ಆಟದೊಳಗಿನ ಹಣವಿದ್ದು, ಎಸೆಯುವ ಜಾಗ ತಲುಪುವವರೆಗೆ ನೀವು ಜೀವಂತವಾಗಿರುವುದು ಬಹುಶಃ ಎರಡು ಸಲ. ಎಸೆದದ್ದು ಗೇಣುದ್ದ ತಪ್ಪಿದರೂ ನಿಮ್ಮನ್ನು ನಂಬಿ ಮುಂದೆ ನಡೆದ ನಾಲ್ವರು ಬಯಲಿಗೆ ಬೀಳುತ್ತಾರೆ. ಅದೇ ಸ್ಮೋಕನ್ನು ಖಾಲಿ ಮ್ಯಾಪಿನಲ್ಲಿ ಹತ್ತು ನಿಮಿಷಕ್ಕೆ 30 ಸಲ ಎಸೆಯಬಹುದು. ಪಂದ್ಯದಲ್ಲಿಯೇ ಕಲಿಯಿರಿ ಎನ್ನುವವರು, ಆ ಹತ್ತು ನಿಮಿಷದ ಕೆಲಸವನ್ನು ದಿನಕ್ಕೊಂದು ಪಂದ್ಯದಂತೆ ಎರಡು ವಾರ ಅಪರಿಚಿತ ಜೊತೆಗಾರರ ಖರ್ಚಿನಲ್ಲಿ ಮಾಡಿರಿ ಎಂದು ಹೇಳುತ್ತಿದ್ದಾರೆ.

ನಮ್ಮ ಕಡೆಯ ಗರಡಿಮನೆಯನ್ನು ನೆನೆಯಿರಿ. ಜಾತ್ರೆಯ ಕುಸ್ತಿಗೆ ಇಳಿಯುವ ಪೈಲ್ವಾನ ಹೊಸ ಪಟ್ಟನ್ನು ಜಾತ್ರೆಯ ಕಣದಲ್ಲಿ ಕಲಿಯುವುದಿಲ್ಲ. ಗರಡಿಯ ಮಣ್ಣಿನಲ್ಲಿ ಜೊತೆಗಾರನ ಮೇಲೆ ಅದೇ ಪಟ್ಟನ್ನು ಹಾಕಿ, ಬಿಡಿಸಿ, ಮತ್ತೆ ಹಾಕಿ, ಎಲ್ಲಿ ಹಿಡಿತ ಸಡಿಲವಾಯಿತು ಎಂದು ಉಸ್ತಾದರಿಂದ ಕೇಳಿ ತಿಳಿದ ಮೇಲೆ ಕಣಕ್ಕೆ ಹೋಗುತ್ತಾನೆ. ಹಾಗೆಂದು ಗರಡಿಯಲ್ಲಿಯೇ ಉಳಿದವನನ್ನು ಯಾರೂ ಪೈಲ್ವಾನ ಎಂದು ಕರೆದದ್ದಿಲ್ಲ. ನಿಮ್ಮ ಗೆಳೆಯರ ಅರ್ಧ ಸತ್ಯ ಇರುವುದು ಇಲ್ಲಿ.

ನನಗೆ ಇನ್ನೂ ಮುಖ್ಯವಾಗಿ ಕಾಣುವ ಕಾರಣ ಬೇರೆಯದು. ಈ ಆಟಗಳ ನಿಯಮಗಳಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣುವುದಿಲ್ಲ. ಕೌಂಟರ್-ಸ್ಟ್ರೈಕಿನ ಎಕೆ-47 ಬಂದೂಕಿನಲ್ಲಿ 30 ಗುಂಡುಗಳಿವೆ. ಬೆರಳು ಬಿಡದೆ ಹೊಡೆದರೆ ಮೂತಿ ಮೊದಲು ಮೇಲಕ್ಕೆ ಏರಿ, ಆಮೇಲೆ ಅತ್ತಿತ್ತ ಹೊರಳುತ್ತದೆ. ಹೊಸಬನಿಗೆ ಅದು ಹುಚ್ಚು ಕುಣಿತದಂತೆ ಕಂಡರೂ ಅದಕ್ಕೊಂದು ನಿಗದಿತ ದಾರಿಯಿದೆ, ಪ್ರತಿ ಸಲವೂ ಅದೇ ದಾರಿ. ಓಡುತ್ತಾ ಹೊಡೆದ ಗುಂಡು ಗುರಿಯಿಟ್ಟ ಕಡೆಗೆ ಹೋಗುವುದಿಲ್ಲ, ನಿಂತು ಹೊಡೆಯಬೇಕು. ಎಕೆಯ ಒಂದೇ ಗುಂಡು ಹೆಲ್ಮೆಟ್ ಧರಿಸಿದವನ ತಲೆಗೆ ತಗುಲಿದರೆ ಅವನು ಸಾಯುತ್ತಾನೆ, ಎಂ4 ಎಂಬ ಇನ್ನೊಂದು ಬಂದೂಕಿಗೆ ಆ ಶಕ್ತಿಯಿಲ್ಲ. ವ್ಯಾಲರಂಟಿನಲ್ಲಿ ವ್ಯಾಂಡಲ್ ಬಂದೂಕಿನ ಪೆಟ್ಟು ದೂರ ಹೆಚ್ಚಿದರೂ ಕುಗ್ಗುವುದಿಲ್ಲ, ಫ್ಯಾಂಟಮ್ಮಿನದು ಕುಗ್ಗುತ್ತದೆ. ಇವು ಕೌಶಲಗಳಲ್ಲ, ಕ್ರಿಕೆಟಿನ ಎಲ್‌ಬಿಡಬ್ಲ್ಯು ನಿಯಮದಂತೆ ಆಟದ ಕಾನೂನುಗಳು. ಕಾನೂನನ್ನು ತಿಳಿಯದೆ ಸೋತವನಿಗೆ ತಾನು ಏಕೆ ಸೋತೆ ಎಂಬುದೂ ತಿಳಿಯುವುದಿಲ್ಲ. ಗೋಡೆಯೊಂದಕ್ಕೆ ಗುಂಡು ಹೊಡೆದು, ಅದರ ಗುರುತುಗಳನ್ನು ನೋಡಿ, ಆ ಕಾನೂನನ್ನು ಕಂಡುಕೊಳ್ಳಲು ಆಟಗಾರನಿಗೆ ಒಂದು ಜಾಗ ಕೊಡುವುದು ಆಟ ಮಾಡಿದವರ ಕರ್ತವ್ಯವೆಂದು ನಾನು ನಂಬುತ್ತೇನೆ.

ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೊ ಗೇಮ್‌ಗಳಲ್ಲಿ ಈ ಕರ್ತವ್ಯವನ್ನು ಬಹುಕಾಲದಿಂದ ಒಪ್ಪಿಕೊಳ್ಳಲಾಗಿದೆ. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6ರ ಟ್ರೈನಿಂಗ್ ಮೋಡಿನಲ್ಲಿ ಒಂದೊಂದು ಹೊಡೆತವೂ ಎಷ್ಟು ಫ್ರೇಮುಗಳಲ್ಲಿ (ಫ್ರೇಮ್ ಎಂದರೆ ಪರದೆಯ ಒಂದು ಚಿತ್ರದ ಹೊತ್ತು) ಆರಂಭವಾಗಿ ಎಷ್ಟರಲ್ಲಿ ಮುಗಿಯುತ್ತದೆ ಎಂಬುದನ್ನು ಪರದೆಯ ಮೇಲೆ ಪಟ್ಟಿಯಂತೆ ಬಿಡಿಸಿ ತೋರಿಸುತ್ತಾರೆ. ಶೂಟಿಂಗ್ ಆಟಗಳವರು ಇಲ್ಲಿಗೆ ತಡವಾಗಿ ಬಂದರು. 2015ರಲ್ಲಿ ಬಿಡುಗಡೆಯಾದ ರೇನ್‌ಬೋ ಸಿಕ್ಸ್ ಸೀಜ್ ಆಟಕ್ಕೆ ಶೂಟಿಂಗ್ ರೇಂಜ್, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಅಂಗಳ, ಸೇರಿದ್ದು 2022ರಲ್ಲಿ. ಕೌಂಟರ್-ಸ್ಟ್ರೈಕಿನಲ್ಲಿ ಅಭಿಮಾನಿಗಳೇ ಅಭ್ಯಾಸದ ಮ್ಯಾಪುಗಳನ್ನು ಕಟ್ಟಿ ಹಂಚಿಕೊಂಡರು. ಗುಂಡು ಮುಗಿಯದಂತೆ ಮಾಡಲು, ಗ್ರೆನೇಡ್ ಹಾರುವ ದಾರಿ ಕಾಣುವಂತೆ ಮಾಡಲು ಮೊದಲು ‘ಎಸ್‌ವಿ ಚೀಟ್ಸ್ 1’ ಎಂಬ ಆಜ್ಞೆಯನ್ನು ಕೈಯಾರೆ ಟೈಪ್ ಮಾಡಬೇಕಿತ್ತು. ಶ್ರದ್ಧೆಯಿಂದ ಕಲಿಯಲು ಬಂದವನು ಮೋಸ ಎಂಬ ಹೆಸರಿನ ಬಾಗಿಲಿನಿಂದ ಒಳಗೆ ಹೋಗಬೇಕಾಗಿದ್ದ ಈ ಸಂಗತಿ ನನಗೆ ಇಂದಿಗೂ ನೋವು ತರುತ್ತದೆ. 2023ರ ಕೌಂಟರ್-ಸ್ಟ್ರೈಕ್ 2ರಲ್ಲಿ ಅಭ್ಯಾಸದ ಆಯ್ಕೆಗಳು ಮೆನುವಿನಲ್ಲಿಯೇ ಬಂದಿವೆ. ಗ್ರೆನೇಡ್ ಎಲ್ಲಿ ಬೀಳುತ್ತದೆ ಎಂಬುದನ್ನು ಎಸೆಯುವ ಮೊದಲೇ ಚಿಕ್ಕ ಚೌಕದಲ್ಲಿ ನೋಡಬಹುದು. ಗುರಿಯ ಅಭ್ಯಾಸಕ್ಕೆಂದೇ ಕೊವಾಕ್ಸ್, ಏಮ್ ಲ್ಯಾಬ್‌ನಂಥ ಪ್ರತ್ಯೇಕ ತಂತ್ರಾಂಶಗಳು ಹುಟ್ಟಿಕೊಂಡಿರುವುದು, ಆಟಗಳು ಎಷ್ಟು ದೊಡ್ಡ ಜಾಗವನ್ನು ಖಾಲಿ ಬಿಟ್ಟಿದ್ದವು ಎಂಬುದನ್ನು ತೋರಿಸುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಹಾಸನದ ಒಂದು ಸೈಬರ್ ಕೆಫೆಯಲ್ಲಿ ಕೌಂಟರ್-ಸ್ಟ್ರೈಕ್ ಆಟವನ್ನು ಕಲಿತೆ. ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಿತ್ತು. ಸುತ್ತಿನ ಆರಂಭದಲ್ಲಿಯೇ ಸತ್ತು, ಉಳಿದವರ ಆಟ ಮುಗಿಯುವುದನ್ನು ಕಾಯುತ್ತಾ ಕುಳಿತರೆ ಆ ಹಣದ ಬಹುಪಾಲು ಸುಮ್ಮನೆ ನೋಡುವುದರಲ್ಲಿಯೇ ಕಳೆಯುತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಕೆಫೆಯಲ್ಲಿ ಬೇರೆ ಯಾರೂ ಇರಲಿಲ್ಲ. ಖಾಲಿ ಮ್ಯಾಪನ್ನು ತೆರೆದು ಒಂದು ಗಂಟೆ ಒಂದೇ ಗೋಡೆಗೆ ಗುಂಡು ಹೊಡೆದೆ. ತಿಂಗಳುಗಟ್ಟಲೆ ನನ್ನ ಕೈಗೆ ಸಿಗದಿದ್ದ ಬಂದೂಕು ಅಂದು ಮೊದಲ ಬಾರಿಗೆ ಮಾತು ಕೇಳಿತು. ನನ್ನ ಅಭಿಪ್ರಾಯದ ಬೇರು ಆ ಗಂಟೆಯಲ್ಲಿದೆ ಎಂಬುದನ್ನು ಮುಚ್ಚಿಡಲಾರೆ.

ಇನ್ನು ಗೆಳೆಯರ ಆಕ್ಷೇಪ. ನಿಂತ ಬೊಂಬೆಗೆ ಹೊಡೆಯುವ ಅಭ್ಯಾಸ ಬಹುಬೇಗ ತನ್ನ ಉಪಯೋಗವನ್ನು ಕಳೆದುಕೊಳ್ಳುತ್ತದೆ ಎಂಬುದು ನಿಜ. ವ್ಯಾಲರಂಟಿನ ರೇಂಜಿನಲ್ಲಿ 30 ಬಾಟ್‌ಗಳು (ಕಂಪ್ಯೂಟರ್ ನಡೆಸುವ ಎದುರಾಳಿಗಳು) ಒಂದೊಂದಾಗಿ ಕಾಣಿಸಿಕೊಳ್ಳುವ, ಮೂರು ವೇಗಗಳ ಪರೀಕ್ಷೆಯಿದೆ. ಒಳ್ಳೆಯದೇ, ಆದರೆ ಆ ಬಾಟ್‌ಗಳು ತಿರುಗಿ ಗುಂಡು ಹೊಡೆಯುವುದಿಲ್ಲ. ಅಲ್ಲಿ ಮೂವತ್ತಕ್ಕೆ ಇಪ್ಪತ್ತೈದು ತೆಗೆಯುವ ಹುಡುಗ ಪಂದ್ಯದಲ್ಲಿ ಮೂಲೆ ತಿರುಗಿದ ಕೂಡಲೇ ಗಾಬರಿಯಾಗುವುದನ್ನು ನೀವೂ ನೋಡಿರಬಹುದು. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಕಲಿಕೆಯ ಬಗ್ಗೆ ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯನ್ನು ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿ ಕಂಡರು. ಬೇರೆ ಬೇರೆ ಬಗೆಗಳನ್ನು ಕಲಸಿ ಅಭ್ಯಾಸ ಮಾಡಿದವರು ಆಗ ನಿಧಾನವಾಗಿದ್ದರೂ, ಕಲಿತದ್ದನ್ನು ಹೆಚ್ಚು ಕಾಲ ಉಳಿಸಿಕೊಂಡರು. ಆದ್ದರಿಂದ ನಾವು ಕೇಳಬೇಕಾದ ಟ್ರೈನಿಂಗ್ ಮೋಡ್ ಬೊಂಬೆಗಳ ಸಾಲಲ್ಲ. ನೀವು ನಿನ್ನೆ ಸೋತ ಕ್ಷಣವನ್ನೇ, ಅದೇ ಮೂಲೆ, ಅದೇ ಬಂದೂಕು, ಅದೇ ಸಂಖ್ಯೆಯ ಎದುರಾಳಿಗಳೊಂದಿಗೆ ಮತ್ತೆ ನಿಮ್ಮ ಮುಂದಿಟ್ಟು, ಪ್ರತಿ ಸಲವೂ ಎದುರಾಳಿ ಬರುವ ಹೊತ್ತನ್ನೂ ಎತ್ತರವನ್ನೂ ಸ್ವಲ್ಪ ಬದಲಿಸಿ, ಗುಂಡು ಏಕೆ ತಪ್ಪಿತು, ಆಗ ನಿಮ್ಮ ಕಾಲು ಇನ್ನೂ ಚಲಿಸುತ್ತಿತ್ತೇ, ಕ್ರಾಸ್‌ಹೇರ್ ಎಂಬ ಗುರಿಗುರುತು ಎದೆಯ ಮಟ್ಟದಲ್ಲಿತ್ತೇ ಎಂಬುದನ್ನು ಹೇಳುವಂಥದ್ದು ಬೇಕು. ಇದನ್ನು ನೋಡಿದ ಮೇಲೂ ನಿಮ್ಮ ಗೆಳೆಯರು ಬೇಡ ಎನ್ನುತ್ತಾರೆಂದು ನನಗೆ ಅನಿಸುವುದಿಲ್ಲ.

ಖರ್ಚಿನ ಮಾತು ದೊಡ್ಡದಲ್ಲ. ಬಂದೂಕು, ಮ್ಯಾಪ್, ಬಾಟ್ ಎಲ್ಲವೂ ಆಟದಲ್ಲಿ ಆಗಲೇ ಇವೆ. ಅವನ್ನು ಕಲಿಯುವವನ ಕೈಗೆ ಬೇಕಾದಂತೆ ಜೋಡಿಸಿಕೊಡಬೇಕು ಅಷ್ಟೆ.

ಪ್ರಶ್ನೆ: ಮೂಡಿಗೆರೆಯ ಹತ್ತಿರದ ತೋಟದಲ್ಲಿ ನಮ್ಮ ಮನೆ. ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಶೂಟಿಂಗ್ ಆಟ ಆಡುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಟ್ರೈನಿಂಗ್ ಗ್ರೌಂಡ್ ಕೂಡ ತೆರೆಯುವುದಿಲ್ಲ. ಅಭ್ಯಾಸಕ್ಕೂ ಇಂಟರ್‌ನೆಟ್ ಏಕೆ ಬೇಕು?

ಉತ್ತರ: ಬೇಕಾಗಬಾರದು. 2021ರ ಜುಲೈಯಲ್ಲಿ ಬಿಜಿಎಂಐ ಬಂದ ಮೇಲೆ ಮಲೆನಾಡಿನ ಮನೆಮನೆಗಳಲ್ಲಿ ಈ ಆಟವಿದೆ. ಆದರೆ ಅದರ ಟ್ರೈನಿಂಗ್ ಗ್ರೌಂಡ್ ಸರ್ವರಿನಲ್ಲಿ ನಡೆಯುತ್ತದೆ. ವ್ಯಾಲರಂಟಿನ ರೇಂಜಿಗೂ ಲಾಗಿನ್ ಆಗಲೇಬೇಕು. ಒಬ್ಬನೇ ಆಟಗಾರ ಹಲಗೆಯ ಗುರಿಗೆ ಗುಂಡು ಹೊಡೆಯುವ ಕೆಲಸಕ್ಕೆ ದೂರದ ಸರ್ವರಿನ ಅಪ್ಪಣೆ ಏಕೆ ಬೇಕು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕೌಂಟರ್-ಸ್ಟ್ರೈಕಿನಲ್ಲಿ ನಿಮ್ಮ ಕಂಪ್ಯೂಟರಿನೊಳಗೇ ಮ್ಯಾಪನ್ನು ನಡೆಸಿ ಬಾಟ್‌ಗಳ ಜೊತೆ ಅಭ್ಯಾಸ ಮಾಡುವುದು ಸಾಧ್ಯವಿರುವಾಗ, ಬೇರೆಯವರಿಗೂ ಅದು ಅಸಾಧ್ಯವಾಗಬೇಕಿಲ್ಲ. ಮೋಸದ ತಂತ್ರಾಂಶಗಳ ಭಯವೇ ಕಾರಣವಾದರೆ, ಆಫ್‌ಲೈನ್ ಅಭ್ಯಾಸದಲ್ಲಿ ಗಳಿಸಿದ ಯಾವ ಅಂಕವನ್ನೂ ಖಾತೆಗೆ ಸೇರಿಸದಿದ್ದರೆ ಸಾಕು.

ಇಲ್ಲಿ ಒಂದು ತೊಡಕನ್ನೂ ಹೇಳಬೇಕು. ನೆಟ್‌ವರ್ಕ್ ಇಲ್ಲದ ಅಭ್ಯಾಸದಲ್ಲಿ ವಿಳಂಬವೂ ಇರುವುದಿಲ್ಲ. ಆದರೆ ಪಂದ್ಯದಲ್ಲಿ ತೋಟದ ಮನೆಯ ಪಿಂಗ್, ಅಂದರೆ ಆ ವಿಳಂಬದ ಅಳತೆ, ನಗರದವರದಕ್ಕಿಂತ ಹೆಚ್ಚು. ನಿಮಗೆ ಕಾಣುವ ಎದುರಾಳಿ ಸರ್ವರಿನ ಲೆಕ್ಕದಲ್ಲಿ ಆಗಲೇ ಒಂದು ಹೆಜ್ಜೆ ಮುಂದಿರುತ್ತಾನೆ. ಹಾಗಾಗಿ, ಬೇಕಾದಷ್ಟು ಪಿಂಗನ್ನು ನಾವೇ ಸೇರಿಸಿಕೊಳ್ಳುವ ಆಯ್ಕೆ ಆಫ್‌ಲೈನ್ ಮೋಡಿನಲ್ಲಿ ಇರಬೇಕೆಂದು ನಾನು ಬಯಸುತ್ತೇನೆ. ಮೂಡಿಗೆರೆಯ ಹುಡುಗನಿಗೆ ಅದು ಬೆಂಗಳೂರಿನವನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೆಟ್‌ವರ್ಕ್ ಇರುವ ದಿನಗಳಲ್ಲಿ ಟ್ರೈನಿಂಗ್ ಗ್ರೌಂಡಿನಲ್ಲಿ ಮೊದಲು ಸೆನ್ಸಿಟಿವಿಟಿಯನ್ನು, ಅಂದರೆ ಬೆರಳು ಸರಿದಷ್ಟಕ್ಕೆ ಗುರಿ ಎಷ್ಟು ಸರಿಯಬೇಕು ಎಂಬುದನ್ನು, ಸರಿಪಡಿಸಿಕೊಳ್ಳಿ. ಪ್ರತಿ ಸ್ಕೋಪಿಗೂ ಅದು ಬೇರೆ. ಫೋನನ್ನೇ ಓರೆ ಮಾಡಿ ಗುರಿಯಿಡುವ ಗೈರೊಸ್ಕೋಪ್ ಬಳಸುವುದಾದರೆ ಅದಕ್ಕೆ ಮತ್ತೊಂದು. ಆ ಆಟದಲ್ಲಿ ಗುಂಡು ಹಾರಿ ತಲುಪಲು ಸಮಯ ಬೇಕು, ದೂರ ಹೋದಂತೆ ಕೆಳಕ್ಕೆ ಇಳಿಯುತ್ತದೆ. ದೂರದ ಗುರಿಗೆ ಎಷ್ಟು ಮೇಲೆ, ಓಡುವವನಿಗೆ ಎಷ್ಟು ಮುಂದೆ ಹಿಡಿಯಬೇಕು ಎಂಬುದನ್ನು ಕಣ್ಣು ಕಲಿಯಬೇಕು. ಕೆಳಗಿನ ಶ್ರೇಣಿಯ ಪಂದ್ಯಗಳಲ್ಲಿ ಎದುರಾಗುವ ಹಲವರು ಬಾಟ್‌ಗಳು. ಅವರನ್ನು ಹೊಡೆದು ಗೆದ್ದದ್ದನ್ನು ಅಭ್ಯಾಸವೆಂದು ಎಣಿಸಬೇಡಿ.

ಪ್ರಶ್ನೆ: ರ‍್ಯಾಂಕ್ ಪಂದ್ಯಕ್ಕೆ, ಅಂದರೆ ಶ್ರೇಣಿಯನ್ನು ಏರಿಳಿಸುವ ಪಂದ್ಯಕ್ಕೆ, ಬರುವ ಮೊದಲು ಎಲ್ಲರಿಗೂ ತರಬೇತಿ ಕಡ್ಡಾಯ ಮಾಡಬಾರದೇಕೆ? — ಅರಸೀಕೆರೆಯ ಓದುಗರು

ಉತ್ತರ: ಇದನ್ನು ಮಾಡಿ ನೋಡಿದವರಿದ್ದಾರೆ. 2002ರಲ್ಲಿ ಅಮೆರಿಕದ ಸೇನೆಯೇ ಹೊರತಂದ ಅಮೆರಿಕಾಸ್ ಆರ್ಮಿ ಆಟದಲ್ಲಿ ಗುರಿ ಪರೀಕ್ಷೆ ಮುಗಿಸದೆ ಪಂದ್ಯಕ್ಕೆ ಹೋಗಲಾಗುತ್ತಿರಲಿಲ್ಲ; ವೈದ್ಯಕೀಯ ಸೈನಿಕನಾಗಬೇಕಾದರೆ ಪ್ರಥಮ ಚಿಕಿತ್ಸೆಯ ಪಾಠ ಕೇಳಿ ಪರೀಕ್ಷೆ ಬರೆಯಬೇಕಿತ್ತು. ವ್ಯಾಲರಂಟಿನಲ್ಲಿ ರ‍್ಯಾಂಕ್ ಪಂದ್ಯ ತೆರೆಯಲು ಖಾತೆ 20ನೇ ಹಂತ ತಲುಪಬೇಕು, ಆದರೆ ಅದು ಆಡಿದ ಹೊತ್ತನ್ನು ಅಳೆಯುತ್ತದೆಯೇ ಹೊರತು ಕಲಿತದ್ದನ್ನಲ್ಲ. ಕಡ್ಡಾಯ ಮಾಡಿದರೆ ಜನ ಪಾಠವನ್ನು ಓಡಿಸಿಕೊಂಡು ಮುಗಿಸುತ್ತಾರೆ. ಸೋತ ಪಂದ್ಯದ ಕೊನೆಯಲ್ಲಿ ‘ಈ ಸುತ್ತನ್ನು ಮತ್ತೆ ಅಭ್ಯಾಸ ಮಾಡುವಿರಾ?’ ಎಂಬ ಒಂದು ಬಟನ್ ಇದ್ದರೆ ಅದು ಹೆಚ್ಚು ಕೆಲಸ ಮಾಡುತ್ತದೆಂದು ನನ್ನ ನಂಬಿಕೆ.

ಪ್ರಶ್ನೆ: ನಾನು ಬೇಲೂರಿನ ಯುವತಿ. ಪಂದ್ಯದಲ್ಲಿ ತಪ್ಪು ಮಾಡಿದರೆ, ಮೈಕಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಅಪರಿಚಿತರು ಕೆಟ್ಟ ಮಾತು ಆಡುತ್ತಾರೆ. ಈಗ ಟ್ರೈನಿಂಗ್ ಮೋಡಿನಲ್ಲಿ ಮಾತ್ರ ಆಡುತ್ತಿದ್ದೇನೆ. ಇದು ಹೇಡಿತನವೇ?

ಉತ್ತರ: ಖಂಡಿತ ಅಲ್ಲ. ಬೈದವರದು ತಪ್ಪು, ನಿಮ್ಮದಲ್ಲ. ಅಂಥವರನ್ನು ಮ್ಯೂಟ್ ಮಾಡಿ, ಆಟದೊಳಗಿನ ರಿಪೋರ್ಟ್ ಸೌಲಭ್ಯವನ್ನು ಹಿಂಜರಿಯದೆ ಬಳಸಿ. ಟ್ರೈನಿಂಗ್ ಮೋಡ್ ಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ನಿಮ್ಮಂಥವರೂ ಕಾರಣ. ತಪ್ಪು ಮಾಡುವುದಕ್ಕೆ ಯಾರ ಕಣ್ಣೂ ಇಲ್ಲದ ಒಂದು ಜಾಗ ಇಲ್ಲದಿದ್ದರೆ, ಕಲಿಯುವ ಅವಕಾಶ ಬೈಗುಳವನ್ನು ಸಹಿಸಬಲ್ಲವರಿಗೆ ಮಾತ್ರ ಉಳಿಯುತ್ತದೆ.

ಆದರೆ ಅಲ್ಲಿಯೇ ನೆಲೆಸಿಬಿಡಬೇಡಿ. ಕಾಣಿಸಿದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಹೊತ್ತು ಬೇಕು, ಎಷ್ಟು ತಿಂಗಳು ಬಾಟ್‌ಗಳನ್ನು ಹೊಡೆದರೂ ಅದು ಹೆಚ್ಚೇನೂ ಇಳಿಯುವುದಿಲ್ಲ. ಎದುರಾಳಿ ಎಲ್ಲಿಂದ ಬರಬಹುದೆಂದು ಊಹಿಸಿ ಕ್ರಾಸ್‌ಹೇರನ್ನು ಮೊದಲೇ ಅಲ್ಲಿಡುವ ಬುದ್ಧಿಯಿಂದಲೇ ಮುಂದಿನ ಗೆಲುವು ಬರುತ್ತದೆ, ಅದನ್ನು ಕಲಿಸುವವರು ಜೀವಂತ ಎದುರಾಳಿಗಳು. ಪರಿಚಯದ ಗೆಳತಿಯೊಬ್ಬರನ್ನು ಕರೆದುಕೊಂಡು ಕರೆದವರಷ್ಟೇ ಸೇರುವ ಕಸ್ಟಮ್ ರೂಮಿನಲ್ಲಿ ಇಬ್ಬರೇ ಎದುರುಬದುರಾಗಿ ಆಡಿ. ಒಬ್ಬರು ಮೂಲೆ ಕಾಯಲಿ, ಇನ್ನೊಬ್ಬರು ನುಗ್ಗಲಿ, ಹತ್ತು ಸಲದ ನಂತರ ಜಾಗ ಬದಲಿಸಿ. ಆಮೇಲೆ ಶ್ರೇಣಿಯ ಲೆಕ್ಕವಿಲ್ಲದ, ಸತ್ತ ಕೂಡಲೇ ಮತ್ತೆ ಎದ್ದು ಆಡುವ ಡೆತ್‌ಮ್ಯಾಚ್‌ಗೆ ಮೈಕ್ ಇಲ್ಲದೆ ಹೋಗಿ, ಅಲ್ಲಿ ಸತ್ತರೆ ಯಾರಿಗೂ ನಷ್ಟವಿಲ್ಲ. ಆ ಗೆಳತಿಯ ಜೊತೆಯಲ್ಲಿಯೇ ಮೊದಲ ರ‍್ಯಾಂಕ್ ಪಂದ್ಯ ಆಡಿ, ಹೇಗಾಯಿತೆಂದು ನಮಗೆ ಬರೆಯಿರಿ.