ಮಹಡಿ ಮನೆಗೆ ಯಾವ ರೋಯಿಂಗ್ ಮಷಿನ್?

ತುಮಕೂರಿನ ಎಸ್.ಎಸ್. ಪುರಂನ ಬಾಡಿಗೆ ಮನೆಯ ಮಹಡಿಯಲ್ಲಿ, 25 ಸಾವಿರ ರೂಪಾಯಿಯೊಳಗೆ, ಆರಡಿ ಎತ್ತರದವರಿಗೆ ಯಾವ ರೋಯಿಂಗ್ ಮಷಿನ್ (ದೋಣಿಗೆ ಹುಟ್ಟು ಹಾಕುವಂತೆ ಕುಳಿತು ಎಳೆಯುವ ವ್ಯಾಯಾಮ ಯಂತ್ರ) ಸೂಕ್ತವೆಂದು ತಾವು ಕೇಳಿದ್ದೀರಿ. ಹೈಡ್ರಾಲಿಕ್ ಪಿಸ್ಟನ್ ಇರುವುದು ಅಗ್ಗವಾದರೂ, ಸ್ವಲ್ಪ ಹೊತ್ತು ಎಳೆಯುವಷ್ಟರಲ್ಲಿ ಒಳಗಿನ ಎಣ್ಣೆ ಕಾದು ತೆಳುವಾಗಿ ಬಿಗಿ ಸಡಿಲಗೊಳ್ಳುವುದರಿಂದ ಅದನ್ನು ನಾನು ಸೂಚಿಸಲಾರೆ. ಗಾಳಿಯ ಫ್ಯಾನ್ ಇರುವುದು ಜೋರಾಗಿ ಎಳೆದಷ್ಟೂ ಬಿಗಿಯಾಗುವ ಉತ್ತಮ ಯಂತ್ರವೇ ಹೌದು. ಆದರೆ ಅದರ ಸದ್ದಿಗೆ ಕೆಳಮನೆಯ ಮಾಲೀಕರು ಬೆಳಗಿನ ಐದಕ್ಕೇ ಮೆಟ್ಟಿಲು ಹತ್ತಿ ಬಂದಾರು. ಅಯಸ್ಕಾಂತದಿಂದ ಬಿಗಿ ಕೊಡುವ, ಹೆಚ್ಚು ಸದ್ದು ಮಾಡದ ಮ್ಯಾಗ್ನೆಟಿಕ್ ಮಾದರಿಯೇ ತಮಗೆ ಸರಿ. ಕೊಳ್ಳುವ ಮುನ್ನ ಸೀಟು ಜಾರುವ ಹಳಿಯ ಉದ್ದವನ್ನು ಅವಶ್ಯ ವಿಚಾರಿಸಿ. ಕಾಲು ಪೂರ್ತಿ ಚಾಚುವ ಮೊದಲೇ ಸೀಟು ಹಳಿಯ ಕೊನೆ ಮುಟ್ಟುವುದಾದರೆ ಅಂಥದ್ದು ತಮ್ಮ ಎತ್ತರಕ್ಕೆ ಒಗ್ಗದು. ಬ್ಲೂಟೂತ್ ಪರದೆಗೆಂದು ಹಣ ಸುರಿಯಬೇಡಿ. ಬಳಸಿದ ಯಂತ್ರ ಸಿಕ್ಕರೆ, ಹತ್ತು ನಿಮಿಷ ಎಳೆದು, ಬೆಲ್ಟ್ ತಡೆಯಿಲ್ಲದೆ ಒಳಗೆ ಮರಳುತ್ತದೆಯೇ ಎಂದು ನೋಡಿಕೊಳ್ಳಿ.